ಯುದ್ಧಕಾಲದ ಪೈಲಟ್‌ನ ಲಾಗ್‌ಬುಕ್: ಬೂಷ್ಟಿನಿಂದ ಉಳಿಸಿ ಓದುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾಯುಸೇನೆಯಲ್ಲಿ ಹಾರಿದವರ ಮನೆಯಲ್ಲಿ ಲಾಗ್‌ಬುಕ್, ಅಂದರೆ ಪೈಲಟ್ ತನ್ನ ಪ್ರತಿ ಹಾರಾಟ ಬರೆದಿಟ್ಟ ಪುಸ್ತಕ, ಇದ್ದರೆ ಏಪ್ರಿಲ್ ಮುಗಿಯುವುದರೊಳಗೆ ಫೋಟೊ ತೆಗೆದುಬಿಡಬೇಕು. ಗಾಳಿಯ ತೇವ ಶೇ. 65 ದಾಟಿದರೆ ಕಾಗದಕ್ಕೆ ಬೂಷ್ಟು ಹತ್ತುತ್ತದೆ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕೆಳಗಿಳಿಯುವ ದಿನ ಅಪರೂಪ.

ಬೂಷ್ಟು ಆಗಲೇ ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಫೌಂಟನ್ ಪೆನ್ನಿನ ಶಾಯಿ ಹರಡಿ ಒಂದು ಹಾರಾಟದ ಸಾಲೇ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಕೂತು, ಮೆತ್ತನೆಯ ಒಣ ಬ್ರಷ್‌ನಿಂದ ಹೊಲಿಗೆಯ ಕಡೆಯಿಂದ ಅಂಚಿಗೆ ಗುಡಿಸಿ. ಅಂಟಿದ ಹಾಳೆ ಎಳೆಯಬಾರದು. ಗಾಳಿಯಾಡದ ಹತ್ತು ಲೀಟರ್ ಡಬ್ಬಿಯಲ್ಲಿ ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹರಳು 200 ಗ್ರಾಂ, ಜೊತೆಗೊಂದು ಚಿಕ್ಕ ತೇವಮಾಪಕ ಇಟ್ಟು ಪುಸ್ತಕ ಮುಚ್ಚಿಡಿ. ಮಾಪಕ 50ರ ಆಸುಪಾಸು ನಿಂತ ಮೇಲೆ ಎಷ್ಟೋ ಹಾಳೆ ತಾವಾಗಿ ಬಿಡುತ್ತವೆ. ಹರಳು ಹಸಿರಾದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಲೆಯ ಮೇಲಿನ ಅಟ್ಟ, ಬಿಸಿಲು, ಲ್ಯಾಮಿನೇಶನ್ ಮೂರೂ ಬೇಡ.

ಫೋಟೊಗೆ ಫ್ಲ್ಯಾಶ್ ಬೇಕಿಲ್ಲ, ಉತ್ತರದ ಕಿಟಕಿಯ ಬೆಳಕು ಸಾಕು. ಶಾಯಿ ಮಾಸಿದ್ದಲ್ಲಿ ಟಾರ್ಚನ್ನು ಬದಿಯಿಂದ ಹಿಡಿದರೆ ಪೆನ್ನು ಒತ್ತಿದ ಗೆರೆ ಕಾಣುತ್ತದೆ. ಖಾಲಿ ಪುಟವನ್ನೂ ತೆಗೆಯಿರಿ.

ಇನ್ನು ಓದುವ ಕೆಲಸ. ದಿನಾಂಕ, ವಿಮಾನದ ಮಾದರಿ, ಅದರ ಸಂಖ್ಯೆ, ಕರ್ತವ್ಯ, ಅವಧಿ ಒಂದೇ ಸಾಲಿನಲ್ಲಿರುತ್ತವೆ. ಸಂಖ್ಯೆ 'ಬಿಎ' (BA) ಎಂದು ಶುರುವಾದರೆ ವಿಮಾನ ಹಂಟರ್, 'ಐಎ' (IA) ಮಿಸ್ಟೇರ್, 'ಐಎಫ್' (IF) ಕ್ಯಾನ್‌ಬೆರಾ. ಕೈಬರಹದಲ್ಲಿ ಮೊದಲೆರಡು ಸುಲಭವಾಗಿ ಅದಲುಬದಲಾಗುತ್ತವೆ, ಮಾದರಿಯ ಕಾಲಂ ನೋಡಿಯೇ ಬರೆದುಕೊಳ್ಳಿ. 'ಡಿಎನ್‌ಸಿಒ' ಎಂದಿದ್ದರೆ ಹಾರಿದ್ದು ನಿಜ, ಕೊಟ್ಟ ಕೆಲಸ ಪೂರೈಸಲಾಗಲಿಲ್ಲ ಎಂದರ್ಥ. ತಿಂಗಳ ಕೊನೆಯ ಮೊಹರು, ಸಹಿಯಿಂದ ಸ್ಕ್ವಾಡ್ರನ್, ಅಂದರೆ ಅವರಿದ್ದ ವಾಯುಸೇನೆಯ ತುಕಡಿ, ತಿಳಿಯುತ್ತದೆ.

ಹೆಚ್ಚು ತಪ್ಪಾಗುವುದು ಗಂಟೆಯ ಲೆಕ್ಕದಲ್ಲಿ. 1.10 ಎಂದು ಬರೆದಿದ್ದರೆ ಅದು ಒಂದು ಗಂಟೆ ಹತ್ತು ನಿಮಿಷ. ಎಕ್ಸೆಲ್ ಅದನ್ನು ದಶಮಾಂಶವೆಂದೇ ಹಿಡಿಯುತ್ತದೆ. 1:10 ಎಂದೇ ತುಂಬಿ. ಪುಟದ ಮೊತ್ತ ಮುಂದಿನ ಪುಟದ ತಲೆಗೆ ಹೋಗಿರುತ್ತದೆ. ನಿಮ್ಮ ಮೊತ್ತ ಅದಕ್ಕೆ ತಾಳೆಯಾಗದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟಿದ್ದೀರಿ, ಇಲ್ಲವೇ 1:10 ಅನ್ನು 1:40 ಎಂದು ಓದಿದ್ದೀರಿ. ಕೆಲವೊಮ್ಮೆ ಬರೆದವರೇ ಕೂಡುವಾಗ ಎಡವಿರುತ್ತಾರೆ. ಆಗಲೂ ಮೂಲದ ಅಂಕಿ ತಿದ್ದದೆ ಪಕ್ಕದಲ್ಲಿ ಟಿಪ್ಪಣಿ ಹಾಕಿ.

ಪದಕಗಳನ್ನು ಆಮೇಲೆ ನೋಡಿ. 1971ರ ಯುದ್ಧದಲ್ಲಿ ಪೂರ್ವ ರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಕ್ಕೆ ಪಶ್ಚಿಮಿ ಸ್ಟಾರ್. ಸಂಗ್ರಾಮ್ ಮೆಡಲ್ ವ್ಯಾಪಕವಾಗಿ ಕೊಟ್ಟದ್ದು. ಅದೊಂದನ್ನೇ ನೋಡಿ ದಾಳಿಗೆ ಹೋಗಿದ್ದರೆಂದು ಬರೆಯಬಾರದು.

ಮರಳಿ ಬಾರದವರ ಕೊನೆಯ ಹಾರಾಟವನ್ನು ಅವರ ಕೈ ಬರೆದಿರುವುದಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್‌ನಲ್ಲಿ ಹೋದವರು. ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಅಲ್ಲೇ ಮಡಿದರು. ನಮ್ಮ ಕಡೆ ಅದನ್ನು ಕಂಡವರಿಲ್ಲ. ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲೆ ತಿಳಿದದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ವೀರನಿಗೆ ಅಷ್ಟು ಕಾಲ ಕಾಯಬೇಕಾಯಿತಲ್ಲ ಎಂಬ ನೋವು ನನಗಿದೆ. ಆದ್ದರಿಂದ ಒಬ್ಬರ ಪುಸ್ತಕಕ್ಕೆ ನಿಲ್ಲದೆ ಅದೇ ಸ್ಕ್ವಾಡ್ರನ್ನಿನ ಇತರರ ಮನೆಗಳನ್ನೂ ಹುಡುಕುತ್ತೇನೆ. ಫೋಟೊ ಫೈಲಿಗೆ ವರ್ಷ, ತಿಂಗಳು, ದಿನ, ಸ್ಕ್ವಾಡ್ರನ್, ಹೆಸರು ಈ ಕ್ರಮದಲ್ಲಿ ಹೆಸರಿಟ್ಟರೆ ಒಂದೇ ದಿನ ಹಾರಿದವರ ಪುಟಗಳು ಒಟ್ಟಿಗೇ ಬಂದು ಕೂರುತ್ತವೆ.