ಬಿಎಂಐ 24 ಬಂತಾ? ಒಂದು ಟೇಪ್ ತಗೊಂಡು ಬನ್ನಿ

ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿಯೇ ಬಿಎಂಐ. ಅದಕ್ಕೆ ಮೊದಲು ಎತ್ತರ ಅಳೆಯಿರಿ. ಕಾಲೇಜಿನಲ್ಲಿ ಯಾವಾಗಲೋ ಅಳೆದದ್ದನ್ನೇ, ಅದಕ್ಕೂ ಒಂದಿಂಚು ಸೇರಿಸಿ ಹೇಳುವವರು ಜಾಸ್ತಿ. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಮನೆಯವರಿಂದ ಪೆನ್ಸಿಲ್ ಗುರುತು ಹಾಕಿಸಿ. ತೂಕವನ್ನು ಬೆಳಿಗ್ಗೆ ತಿಂಡಿಗೆ ಮುಂಚೆ ನೋಡಿ.

ಲೆಕ್ಕ ಸುಲಭ. ಮೀಟರಿನಲ್ಲಿರುವ ಎತ್ತರವನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ ಕಿಲೋ ತೂಕವನ್ನು ಭಾಗಿಸಿ. ಐದಡಿ ಐದಿಂಚು ಅಂದರೆ 1.65 ಮೀಟರ್, ಗುಣಿಸಿದರೆ ಸುಮಾರು 2.72. ತೂಕ 66 ಕೆಜಿ ಇದ್ದರೆ ಬಿಎಂಐ 24ಕ್ಕೆ ಸ್ವಲ್ಪ ಮೇಲೆ.

ಎಷ್ಟೋ ಆಪ್‌ಗಳು ಇದಕ್ಕೆ ಹಸಿರು ಬಣ್ಣ ತೋರಿಸಿ 'ನಾರ್ಮಲ್' ಅನ್ನುತ್ತವೆ, ನಾವೂ ಖುಷಿಯಾಗಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇವೆ. ಎಡವುವುದು ಇಲ್ಲೇ. 18.5ರಿಂದ 24.9 ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿ. ನಮ್ಮ ದೇಶದ ವೈದ್ಯರು 2009ರಲ್ಲಿ ಭಾರತೀಯರಿಗೆ ಅಂತಲೇ ಗೆರೆಯನ್ನು ಕೆಳಗಿಳಿಸಿದರು: 23 ಮುಟ್ಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು. ಅಂದರೆ ಐದಡಿ ಐದಿಂಚಿನವರು 62 ಕೆಜಿ ಆಸುಪಾಸಿನಲ್ಲೇ ನಿಲ್ಲಬೇಕು.

ನಮಗೇ ಯಾಕೆ ಈ ಪಕ್ಷಪಾತ? ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮ ಮೈಯನ್ನೇ ಅಳೆಸಿಕೊಂಡು 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಜೋಡಿ ಫೋಟೋ ಹಾಕಿದ್ದರು. ಇಬ್ಬರ ಬಿಎಂಐಯೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2! ತೆಳ್ಳಗೆ ಕಂಡರೂ ಒಳಗೆ ಕೊಬ್ಬು, ಅದೂ ಹೊಟ್ಟೆಯ ಸುತ್ತ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಕೆ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅಲ್ವಾ?

ತಕ್ಕಡಿಗೆ ಕೊಬ್ಬೂ ಒಂದೇ, ಮಾಂಸಖಂಡವೂ ಒಂದೇ. ಅದಕ್ಕೇ ಟೇಪ್ ಬೇಕು. ಪ್ಯಾಂಟ್ ಸೈಜ್ ನಂಬಬೇಡಿ, ನಾವು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ನೋಡಿ. ಹೊಟ್ಟೆ ಒಳಗೆಳೆದುಕೊಂಡರೆ ಸುಮ್ನೆ ನಮಗೆ ನಾವೇ ಮೋಸ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಗರ್ಭಿಣಿಯರು ಈ ಲೆಕ್ಕ ಹಾಕಬೇಡಿ. ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಚಾರ್ಟ್ ಇದೆ. ಜಿಮ್‌ನಲ್ಲಿ ನಿಜವಾಗಿಯೂ ಮೈ ಕಟ್ಟಿದವರಿಗೆ ಬಿಎಂಐ ಸುಳ್ಳೇ ಜಾಸ್ತಿ ತೋರಿಸಬಹುದು, ಬರೀ ಫೀಸ್ ಕಟ್ಟಿದವರಿಗೆ ಅಲ್ಲ.

ಬಿಎಂಐ 22, ಸೊಂಟ 94 ಬಂತು ಅಂದುಕೊಳ್ಳಿ. ಟೇಪಿನ ಮಾತೇ ಕೇಳಿ. ಈ ವಾರವೇ ಶುಗರ್, ಬಿಪಿ ಒಮ್ಮೆ ನೋಡಿಸಿಕೊಳ್ಳಿ.