ಜಾಲಿ ಮುಳ್ಳಿನ ದಾರಿಗೆ ಟ್ಯೂಬ್‌ಲೆಸ್ ಟಯರು: ಮನೆಯಲ್ಲೇ ಮಾಡಿಕೊಂಡ ಬಗೆ

ಬೆಂಗಳೂರಿನ ಕನಕಪುರ ರಸ್ತೆಯ ಆಚೀಚೆ ಮಣ್ಣು ದಾರಿಯಲ್ಲಿ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ಲು ಓಡಿಸುವವರಿಗೆ ಜಾಲಿ ಮುಳ್ಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆರೆ ಏರಿ, ಹೊಲದ ಬದು, ತುರಹಳ್ಳಿ ಸುತ್ತಮುತ್ತ, ಎಲ್ಲಿ ಹೋದರೂ ಇದ್ದದ್ದೇ. ಬೇಲಿಗೆ ಅಂತ ಕಡಿದು ಹಾಕಿದ ಕೊಂಬೆ ಒಣಗಿ ದಾರಿಗೆ ಉದುರಿದರಂತೂ ಮುಗೀತು. ಟ್ಯೂಬು ಹಾಕಿ ಓಡಿಸುತ್ತಿದ್ದಾಗ ನನ್ನ ಭಾನುವಾರದ ಅರ್ಧ ಬೆಳಗು ಪ್ಯಾಚು, ಸೊಲ್ಯೂಷನ್ನಲ್ಲೇ ಕಳೆಯುತ್ತಿತ್ತು. ಗಾಳಿ ಜಾಸ್ತಿ ಹೊಡೆದರೆ ಸೈಕಲ್ಲು ಕಲ್ಲಿನ ಮೇಲೆ ಪುಟಿಯುತ್ತೆ, ಹಿಡಿತ ಹೋಗುತ್ತೆ. ಕಡಿಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ತೂತು. ಕೊನೆಗೆ ಟ್ಯೂಬಿನ ಸಹವಾಸವೇ ಬೇಡ ಅಂತ ತೀರ್ಮಾನಿಸಿದೆ.

ಸೈಕಲ್ಲಿಗೆ ಟ್ಯೂಬ್‌ಲೆಸ್ ಹೊಸದೇನಲ್ಲ. ಮಾವಿಕ್ ಕಂಪನಿಯ ಯುಎಸ್‌ಟಿ ಚಕ್ರಗಳು 1999ರಲ್ಲೇ ಬಂದವು. ಅವುಗಳ ರಿಮ್ಮಿನ ಒಳಮೈಯಲ್ಲಿ ಕಡ್ಡಿ ಕೂರಿಸುವ ತೂತೇ ಇರಲಿಲ್ಲ, ಹಾಗಾಗಿ ಗಾಳಿ ಸೋರುವ ಪ್ರಶ್ನೆಯೂ ಇರಲಿಲ್ಲ. ನಮ್ಮಂಥವರ ರಿಮ್ಮಿನಲ್ಲಿ ತೂತು ಇದ್ದೇ ಇರುತ್ತವೆ. ಅವನ್ನು ಟೇಪಿನಿಂದ ಮುಚ್ಚಬೇಕು. ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಈ ಟೇಪೇ. ತೂತು ತಾನಾಗೇ ಮುಚ್ಚಲಿ ಅಂತ ಟಯರಿನೊಳಗೆ ಹಾಕುವ ದ್ರವ, ಸೀಲೆಂಟ್, ಯಾವ ಕಂಪನಿಯದು ಅಂತ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ, ಟೇಪಿನ ಬಗ್ಗೆ ಯಾರೂ ಮಾತಾಡೋದಿಲ್ಲ.

ನನ್ನ ರಿಮ್ಮಿನ ಒಳ ಅಗಲ 25 ಮಿಲಿಮೀಟರ್. ಅದಕ್ಕೆ 28 ಮಿಲಿಮೀಟರ್ ಟೇಪು ತಗೊಂಡೆ. ರಿಮ್ಮಿನ ಎರಡೂ ಗೋಡೆಗೆ ಸ್ವಲ್ಪ ಹತ್ತಿಕೊಂಡು ಕೂರುವಷ್ಟು ಅಗಲ ಬೇಕು. ಮೊದಲು ಹಳೇ ರಬ್ಬರ್ ಪಟ್ಟಿ ಕಿತ್ತು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಎಣ್ಣೆ ಜಿಡ್ಡು ಒಂದಿಷ್ಟು ಉಳಿದರೂ ಟೇಪು ಹಿಡಿಯೋದಿಲ್ಲ. ವಾಲ್ವಿನ ತೂತಿಗೆ ಎದುರು ದಿಕ್ಕಿನಿಂದ ಶುರು ಮಾಡಿ, ಟೇಪು ಸ್ವಲ್ಪ ಎಳೆಯುವಷ್ಟು ಬಿಗಿಯಾಗಿ ಸುತ್ತುತ್ತಾ ಬಂದು, ಶುರು ಮಾಡಿದ ಜಾಗ ದಾಟಿ ಒಂದು ಗೇಣಿನಷ್ಟು ಮುಂದೆ ಹೋಗಿ ಕತ್ತರಿಸಿದೆ. ವಾಲ್ವಿಗೆ ತೂತು ಮಾಡಲು ಬ್ಲೇಡು ಬೇಡ, ಗೀರು ಹಾಗೇ ಸೀಳಿಕೊಂಡು ಹೋಗುತ್ತೆ. ಮೊಳೆಯೊಂದನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ ಚುಚ್ಚಿದರೆ ತೂತು ದುಂಡಗೆ ಬರುತ್ತೆ, ಅಂಚೂ ಕರಗಿ ಗಟ್ಟಿಯಾಗುತ್ತೆ. ಆಮೇಲೆ ಒಂದು ರಾತ್ರಿ ಟ್ಯೂಬು ಹಾಕಿ ಗಾಳಿ ತುಂಬಿ ಇಟ್ಟೆ. ಟೇಪು ಮೂಲೆ ಮೂಲೆಗೂ ಒತ್ತಿ ಕೂರುತ್ತೆ. ಬೆಳಗ್ಗೆ ಟಯರಿನ ಒಂದು ಬದಿ ಮಾತ್ರ ಬಿಚ್ಚಿ ಟ್ಯೂಬು ತೆಗೆದು, ವಾಲ್ವು ಹಾಕಿದೆ. ವಾಲ್ವಿನ ನಟ್ಟು ಬೆರಳಲ್ಲೇ ಬಿಗಿ ಮಾಡಿದರೆ ಸಾಕು. ಇಕ್ಕಳ ಹಾಕಿ ಬಿಗಿದರೆ ದಾರಿಯಲ್ಲಿ ಬಿಚ್ಚಬೇಕಾದಾಗ ಪರದಾಡಬೇಕಾಗುತ್ತೆ.

ಇನ್ನು ಸೀಲೆಂಟ್. ಹೆಚ್ಚಿನ ಸೀಲೆಂಟುಗಳ ಮೂಲ ರಬ್ಬರ್ ಹಾಲು. ನಮ್ಮ ಅಜ್ಜಿ ಮನೆ ಸುಳ್ಯದ ಕಡೆ. ಅಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟದೆ ಉಳಿಯಲಿ ಅಂತ ಅಮೋನಿಯಾ ಸೇರಿಸುತ್ತಾರೆ, ಶೀಟ್ ಮಾಡಬೇಕು ಅಂದರೆ ಆಸಿಡ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಸೀಲೆಂಟ್ ಬಾಟಲಿಯ ಮುಚ್ಚಳ ತೆಗೆದಾಗ ಅದೇ ಘಾಟು ಮೂಗಿಗೆ ಬಡಿಯಿತು. ಮುಳ್ಳು ಚುಚ್ಚಿದ ಜಾಗದಲ್ಲಿ ಗಾಳಿ ಹೊರಗೆ ನುಗ್ಗುವಾಗ ನೀರಿನಂಶ ಆರಿ ರಬ್ಬರ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸೀಲೆಂಟಿನಲ್ಲಿರುವ ಸಣ್ಣ ಚೂರುಗಳು ಬಂದು ತೂತಿಗೆ ಬಿರಡೆ ಆಗುತ್ತವೆ.

ನನ್ನದು 29 ಇಂಚು, 2.25 ಅಗಲದ ಟಯರು. ಒಂದಕ್ಕೆ 100 ಎಂಎಲ್ ಹಾಕಿದೆ. ವಾಲ್ವಿನ ಒಳಗಿನ ಕೋರ್ ಬಿಚ್ಚಿ ಸಿರಿಂಜಿನಲ್ಲಿ ಬಿಟ್ಟರೆ ನೆಲ ಹಾಳಾಗೋದಿಲ್ಲ. ಬಾಟಲಿ ಚೆನ್ನಾಗಿ ಕುಲುಕಿ, ಇಲ್ಲವಾದರೆ ಚೂರುಗಳೆಲ್ಲ ತಳದಲ್ಲೇ ಉಳಿಯುತ್ತವೆ.

ಟಯರು ರಿಮ್ಮಿಗೆ ಕೂರಿಸೋದು ಮಾತ್ರ ಮಜಾ. ಅಂಚಿಗೆಲ್ಲ ಸೋಪಿನ ನೀರು ಹಚ್ಚಿ, ಕೋರ್ ಹಾಕದೆಯೇ ನಿಂತು ಹೊಡೆಯುವ ಪಂಪಿನಲ್ಲಿ ಬಿಡದೆ ಹೊಡೆಯಬೇಕು. ಮೊದಲು ಬುಸ್ ಅನ್ನುತ್ತೆ, ನೊರೆ ಬರುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಪಟ್, ಪಟಾರ್! ಅಕ್ಕಪಕ್ಕದ ಮನೆಯವರು ಇಣುಕಿ ನೋಡುವಷ್ಟು ಸದ್ದು. ಮುಂದಿನ ಚಕ್ರ ಹೀಗೆ ಸಲೀಸಾಗಿ ಕೂತಿತು. ಹಿಂದಿನದು ಪಟ್ಟು ಬಿಡಲಿಲ್ಲ, ಪಂಕ್ಚರ್ ಅಂಗಡಿಯ ಕಂಪ್ರೆಸರಿಗೇ ತಗೊಂಡು ಹೋದೆ. ಸಪೂರ ಪ್ರೆಸ್ಟಾ ವಾಲ್ವಿಗೆ ಅವರ ಪೈಪು ಹಿಡಿಯೋದಿಲ್ಲ, ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಲಿ. "ಸೈಕಲ್ಲಿಗೂ ಟ್ಯೂಬ್‌ಲೆಸ್ಸಾ ಸಾರ್?" ಅಂತ ಅವರು ನಕ್ಕರು. ಕಂಪ್ರೆಸರಿನಲ್ಲಿ ಹುಷಾರು, ಟಯರಿನ ಪಕ್ಕದಲ್ಲಿ ಬರೆದಿರುವ ಮಿತಿ ದಾಟಬಾರದು. ಟಯರು ಕೂತ ಮೇಲೆ ಕೋರ್ ಹಾಕಿ ಮತ್ತೆ ಗಾಳಿ ತುಂಬಿ, ಚಕ್ರವನ್ನು ಎಲ್ಲ ಕಡೆಗೂ ಓಲಾಡಿಸಿ, ಬಕೆಟ್ಟಿನ ಮೇಲೆ ಒಂದೊಂದು ಮಗ್ಗುಲಲ್ಲಿ ಸ್ವಲ್ಪ ಹೊತ್ತು ಮಲಗಿಸಿಟ್ಟೆ. ಮೊದಲ ದಿನ ಟಯರಿನ ಪಕ್ಕದಲ್ಲಿ ಸಣ್ಣ ಗುಳ್ಳೆ ಬಂದರೆ ಗಾಬರಿ ಬೇಡ, ಒಂದು ಸುತ್ತು ಓಡಿಸಿದರೆ ನಿಲ್ಲುತ್ತೆ.

ನಾನು 70 ಕೆಜಿ. ಈಗ ಗಾಳಿಯ ಒತ್ತಡ ಮುಂದೆ 22, ಹಿಂದೆ 25 ಪಿಎಸ್‌ಐ ಇಡುತ್ತೇನೆ. ಟ್ಯೂಬಿದ್ದಾಗ ಇಷ್ಟು ಕಡಿಮೆ ಇಡುವ ಧೈರ್ಯವೇ ಇರಲಿಲ್ಲ. ನನಗೆ ಕೇಳಿದರೆ ಮುಳ್ಳಿನ ವಿಷಯಕ್ಕಿಂತ ದೊಡ್ಡ ಲಾಭ ಇದೇ. ಜಲ್ಲಿ ಮೇಲೆ ತಿರುಗುವಾಗ ಗೊತ್ತಾಗುತ್ತೆ.

ಒಂದು ಸಲ ಮಾಡಿ ಮರೆತುಬಿಡೋಣ ಅಂದರೆ ಆಗೋದಿಲ್ಲ. ಎರಡು ಮೂರು ತಿಂಗಳಿಗೆ ಸೀಲೆಂಟ್ ಒಣಗುತ್ತೆ, ಬೇಸಿಗೆಯಲ್ಲಿ ಇನ್ನೂ ಬೇಗ. ಕೋರ್ ಬಿಚ್ಚಿ ಸಣ್ಣ ಕಡ್ಡಿ ಇಳಿಸಿ, ಒದ್ದೆಯಾಗಿದೆಯಾ ನೋಡುತ್ತೇನೆ. ಬಿಚ್ಚುವ ಮುಂಚೆ ಗಾಳಿ ಬಿಡಬೇಕು, ವಾಲ್ವು ತೀರಾ ಕೆಳಗಿರಬಾರದು. ಕೆಳಗಿದ್ದರೆ ಅಷ್ಟೂ ಕಾಲ ಮೇಲೆ! ಕೋರಿನಲ್ಲಿ ರಬ್ಬರ್ ಕಟ್ಟಿಕೊಂಡರೆ ಪಂಪು ಒತ್ತಿದರೂ ಗಾಳಿ ಹೋಗೋದಿಲ್ಲ, ಹೊಸ ಕೋರ್ ಒಂದು ಜೊತೆಗಿರಲಿ. ದಾರಿಯಲ್ಲಿ ಬೇಗ ಗಾಳಿ ತುಂಬಲು ಕೆಲವರು ಒಯ್ಯುವ ಸಿಒ2 ಕಾರ್ಟ್ರಿಜ್ (ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್) ಕೆಲವು ಸೀಲೆಂಟುಗಳನ್ನು ಹೆಪ್ಪುಗಟ್ಟಿಸುತ್ತೆ, ನಾನು ಕೈ ಪಂಪೇ ಒಯ್ಯುತ್ತೇನೆ.

ಊರೊಳಗೆ ಡಾಂಬರು ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ ಇಷ್ಟೆಲ್ಲ ಸುಮ್ನೆ ತಲೆನೋವು. ರಿಮ್ಮು, ಟಯರು ಟ್ಯೂಬ್‌ಲೆಸ್‌ಗೆ ಅಂತಲೇ ಮಾಡಿದ್ದಲ್ಲದಿದ್ದರೂ ಕೈ ಹಾಕಬೇಡಿ, ತಿರುವಿನಲ್ಲಿ ಟಯರು ಕಳಚಿಕೊಂಡರೆ ಕಷ್ಟ.

ಮುಳ್ಳಿಗೆ ಸೀಲೆಂಟ್ ಸಾಕು, ಆದರೆ ಕಲ್ಲು ಸೀಳಿದ ತೂತಿಗೆ ಸಾಲದು. ಅದಕ್ಕೆ ಸ್ಕೂಟರ್ ಟಯರಿಗೆ ತುರುಕುವಂಥದ್ದೇ ರಬ್ಬರ್ ಪಟ್ಟಿ, ಸಣ್ಣ ಗಾತ್ರದ್ದು, ಬ್ಯಾಗಿನಲ್ಲಿರುತ್ತೆ. ಅದೂ ನಿಲ್ಲದಿದ್ದರೆ ಟ್ಯೂಬು ಹಾಕಲೇಬೇಕು. ಆಗ ಟಯರಿನ ಒಳಗೆ ಬರಿಗೈ ಆಡಿಸಬೇಡಿ. ಸೀಲೆಂಟ್ ಸದ್ದಿಲ್ಲದೆ ಮುಚ್ಚಿದ ಮುಳ್ಳುಗಳೆಲ್ಲ ಅಲ್ಲೇ ಮೊನೆ ಚಾಚಿಕೊಂಡು ಕೂತಿರುತ್ತವೆ. ಹಳೇ ಬಟ್ಟೆಯೊಂದನ್ನು ಒಳಗೆ ಸುತ್ತಲೂ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳಿದೆ, ಸಣ್ಣ ಇಕ್ಕಳದಲ್ಲಿ ಕಿತ್ತು ಮುಂದಕ್ಕೆ ಹೋಗಿ. ಒಂದು ಉಳಿದರೂ ಹೊಸ ಟ್ಯೂಬು ಅಲ್ಲೇ ಪಂಕ್ಚರ್.