ವಿಮಾನ ಹತ್ತುವ ಮೊದಲು ನಾಯಿಯನ್ನು ಕ್ರೇಟಿಗೆ ಒಗ್ಗಿಸುವುದು ಹೇಗೆ

ನಾಯಿಯನ್ನು ವಿದೇಶಕ್ಕೆ ಒಯ್ಯಲು ಬೇಕಾದ ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆ, ಕ್ವಾರಂಟೈನ್ ಕಚೇರಿಯ ಕಾಗದ ಎಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ಹೊಂದಿಸಿಕೊಂಡು, ಕ್ರೇಟನ್ನು (ನಾಯಿಯನ್ನು ಕೂರಿಸಿ ಒಯ್ಯುವ ಪೆಟ್ಟಿಗೆ) ಮಾತ್ರ ಹೊರಡುವ ವಾರ ತರುವವರು ಬಹಳ. ನಾಯಿಗೆ ಆ ಕಾಗದಗಳ ಗೊಡವೆ ಇಲ್ಲ, ಅದಕ್ಕೆ ಎದುರಾಗುವುದು ಕ್ರೇಟ್ ಒಂದೇ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವೆಂದರೂ ಆಕಾಶದಲ್ಲಿ ಒಂಬತ್ತು-ಹತ್ತು ಗಂಟೆ. ಕಾರ್ಗೋದಲ್ಲಿ ಸುಮಾರು ನಾಲ್ಕು ಗಂಟೆ ಮೊದಲೇ ಒಪ್ಪಿಸಬೇಕು. ಇಳಿದ ಮೇಲೆ ತಪಾಸಣೆ ಮುಗಿದು ಕೈಗೆ ಸಿಗಲು ಇನ್ನೆರಡು ಗಂಟೆ. ಅಷ್ಟು ಹೊತ್ತು ಅದು ಆ ಪೆಟ್ಟಿಗೆಯೊಳಗೆ ಒಂಟಿ.

ಎಂಟು ವಾರ ಕೈಯಲ್ಲಿಟ್ಟುಕೊಳ್ಳಿ. ಯುರೋಪಿಗೆ ಹೋಗುವವರಿಗೆ ಇದು ಸುಲಭ. ಭಾರತದಿಂದ ಹೋಗುವ ನಾಯಿಗೆ ರೇಬೀಸ್ ಟೈಟರ್ ಪರೀಕ್ಷೆಗೆ (ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯ ಎಷ್ಟಾಗಿದೆ ಎಂದು ನೋಡುವುದು) ರಕ್ತ ತೆಗೆದ ದಿನದಿಂದ ಮೂರು ತಿಂಗಳು ಹೇಗೂ ಕಾಯಲೇಬೇಕು. ರಕ್ತ ಕೊಟ್ಟ ದಿನವೇ ಕ್ರೇಟೂ ಮನೆಗೆ ಬರಲಿ.

ಅಳತೆ

ನಾಲ್ಕು ಅಳತೆ ಬೇಕು, ನಾಯಿ ನೇರ ನಿಂತಿರುವಾಗ: ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರ, ಭುಜದ ಅಗಲ, ನೆಲದಿಂದ ತಲೆಯ ಅಥವಾ ನಿಮಿರಿದ ಕಿವಿಯ ತುದಿಯ ಎತ್ತರ (ಯಾವುದು ಹೆಚ್ಚೋ ಅದು). ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾದ ನಿಯಮದಂತೆ ಕ್ರೇಟಿನ ಒಳಗಿನ ಉದ್ದ ಎಂದರೆ ನಾಯಿಯ ಉದ್ದಕ್ಕೆ ಮೊಣಕೈ ಎತ್ತರದ ಅರ್ಧ ಸೇರಿಸಿದಷ್ಟು. ಅಗಲ ಭುಜದ ಎರಡರಷ್ಟು. ಎತ್ತರ ತಲೆ ಅಥವಾ ಕಿವಿಯ ತುದಿಗೆ ಹಾಸಿಗೆಯ ದಪ್ಪ ಕೂಡಿಸಿದಷ್ಟು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಎಲ್ಲ ಕಡೆಯಿಂದ ಶೇ. 10 ದೊಡ್ಡದು ಬೇಕು. ಇವನ್ನು ಸರಕು ಭಾಗದಲ್ಲಿ ಒಯ್ಯಲು ಒಪ್ಪದ ಕಂಪನಿಗಳೇ ಹೆಚ್ಚು, ಟಿಕೆಟ್ ಕೊಳ್ಳುವ ಮೊದಲೇ ಕೇಳಿ.

ಒಂದು ಲ್ಯಾಬ್ರಡಾರ್ 85 ಸೆಂ.ಮೀ. ಉದ್ದ, ಮೊಣಕೈ 32, ಭುಜ 27, ತಲೆ 63 ಎಂದುಕೊಳ್ಳಿ. ಬೇಕಾದ ಜಾಗ 101 ಉದ್ದ, 54 ಅಗಲ, ಹಾಸಿಗೆ ಸೇರಿ 67 ಎತ್ತರ. 40 ಇಂಚಿನ ಪ್ಲಾಸ್ಟಿಕ್ ಕ್ರೇಟಿನ ಆಸುಪಾಸು. ಆದರೆ ಅಂಗಡಿಯವರು ಹೇಳುವುದು ಹೊರ ಅಳತೆ, ನಿಮಗೆ ಬೇಕಾದ್ದು ಒಳ ಅಳತೆ. ಟೇಪನ್ನು ಒಳಗಿಟ್ಟೇ ಅಳೆಯಿರಿ. ಮುಧೋಳ ನಾಯಿಯದು ಬೇರೆ ಲೆಕ್ಕ. ಮೈ ಸಣಕಲು, ಅಗಲ ಎಲ್ಲಿಯೂ ಸಾಲುತ್ತದೆ. ಕಾಲು ಉದ್ದ, ಕತ್ತು ನೀಳ, ಹಾಗಾಗಿ ಎತ್ತರ ಕೈಕೊಡುತ್ತದೆ. ತಲೆ 84 ಸೆಂ.ಮೀ.ಗೆ ಮುಟ್ಟುವ ನಾಯಿಗೆ 40 ಇಂಚಿನದು ಆಗುವುದೇ ಇಲ್ಲ. 48 ಇಂಚಿನದ್ದೋ, ಅದೂ ಸಾಲದಿದ್ದರೆ ಮರದಲ್ಲಿ ಹೇಳಿ ಮಾಡಿಸಿದ್ದೋ ಬೇಕು.

ಬಾಡಿಗೆ ಉಳಿಸಲು ಒಂದು ಸೈಜು ಕಡಿಮೆ ಕೊಳ್ಳುವ ಆಸೆ ಬರುತ್ತದೆ. ಕಾರ್ಗೋ ದರ ಬೀಳುವುದು ಗಾತ್ರದ ಮೇಲೆ: ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 6000ದಿಂದ ಭಾಗಿಸಿದಷ್ಟು ಕೆ.ಜಿ. 102, 69, 76ರ ಕ್ರೇಟಿಗೆ ಸುಮಾರು 89 ಕೆ.ಜಿ. ಒಳಗಿನ ನಾಯಿ 30 ಕೆ.ಜಿ. ಇದ್ದರೂ ಅಷ್ಟೇ. ಹೊಟ್ಟೆ ಉರಿಯುವುದು ನಿಜ, ಆದರೆ ಕಿವಿ ಚಾವಣಿಗೆ ತಗುಲಿದರೆ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ.

ಬಾಗಿಲು ಲೋಹದ್ದಿರಲಿ. ಮೇಲಿನ ಕೆಳಗಿನ ಭಾಗಗಳನ್ನು ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ಲೋಹದ ನಟ್ಟು-ಬೋಲ್ಟಿನಿಂದ ಬಿಗಿಯಿರಿ. ನಾಲ್ಕೂ ಬದಿ ಗಾಳಿಕಿಂಡಿ ಬೇಕು. ಚಕ್ರವಿದ್ದರೆ ಬಿಚ್ಚಿಡಿ.

ಮೊದಲು ಹಾಸಿಗೆ, ಆಮೇಲೆ ಗೂಡು

ಹೊಸ ಪ್ಲಾಸ್ಟಿಕ್ಕಿನ ವಾಸನೆ ನಾಯಿಗೆ ನಮಗಿಂತ ಜಾಸ್ತಿ ಹೊಡೆಯುತ್ತದೆ. ತೊಳೆದು ಎರಡು ದಿನ ಬಿಸಿಲಿಗಿಡಿ. ಮೊದಲ ವಾರ ಮೇಲ್ಭಾಗ ಜೋಡಿಸಲೇಬೇಡಿ. ಕೆಳಗಿನ ಅರ್ಧವನ್ನಷ್ಟೇ ಹಾಲಿನಲ್ಲಿ, ಮನೆಯವರು ಕೂರುವ ಕಡೆ ಇಟ್ಟು, ನಾಯಿ ಈಗ ಮಲಗುವ ಬಟ್ಟೆಯನ್ನೇ ಒಗೆಯದೆ ಹಾಸಿ. ಹಳೇ ಕೌದಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ: ಜಾರುವುದಿಲ್ಲ, ಸುಲಭಕ್ಕೆ ಹರಿಯುವುದಿಲ್ಲ. ಬಾಲ್ಕನಿಯಲ್ಲೋ ಸ್ಟೋರ್ ರೂಮಿನಲ್ಲೋ ಇಟ್ಟರೆ ಕ್ರೇಟ್ ಎಂದರೆ ದೂರ ತಳ್ಳುವ ಜಾಗ ಎಂದು ಅದಕ್ಕೆ ಅರ್ಥವಾಗುತ್ತದೆ.

ತಾನಾಗಿ ಹೋಗಿ ಮಲಗತೊಡಗಿದ ಮೇಲೆ ಮೇಲ್ಭಾಗ ಜೋಡಿಸಿ, ಬಾಗಿಲು ಮಾತ್ರ ಬೇಡ. ಎರಡು ಹೊತ್ತಿನ ಊಟವೂ ಇನ್ನು ಇಲ್ಲೇ. ಮೊದಲ ದಿನ ತಟ್ಟೆ ಹೊಸ್ತಿಲಲ್ಲಿ, ಊಟಕ್ಕೊಮ್ಮೆ ಒಂದು ಗೇಣು ಒಳಕ್ಕೆ. ಹಿಂಗಾಲು ಹೊರಗೇ ಬಿಟ್ಟು ಕತ್ತು ಚಾಚಿ ತಿನ್ನುತ್ತಿದ್ದರೆ ತಟ್ಟೆ ಬೇಗ ಸರಿಸಿದ್ದೀರಿ ಎಂದರ್ಥ, ಒಂದು ಗೇಣು ವಾಪಸ್ ತನ್ನಿ.

ಈ ಹಂತದಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ: ಕೋಳಿ ತುಂಡು ಒಳಗೆಸೆದು, ನಾಯಿ ಹೋದ ತಕ್ಷಣ ಬಾಗಿಲು ಹಾಕಿಬಿಡುವುದು. ಒಂದೇ ಸಲಕ್ಕೆ ಅದು ಕೋಳಿಯನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. ಅಲ್ಲಿಯವರೆಗಿನ ಕೆಲಸ ಹಾಳು.

ಬಾಗಿಲು

ಮೂರನೇ ವಾರ ಬಾಗಿಲು ಜೋಡಿಸಿ. ಊಟ ನಡೆದಿರುವಾಗ ಮುಚ್ಚಿ, ತಟ್ಟೆ ಖಾಲಿಯಾಗುವ ಮೊದಲೇ ತೆರೆಯಿರಿ. ಆಮೇಲೆ 5 ಸೆಕೆಂಡು, 20 ಸೆಕೆಂಡು, ಒಂದು ನಿಮಿಷ, ಮೂರು ನಿಮಿಷ. ಪ್ರತಿ ಸಲವೂ ಏರಿಸಬೇಡಿ. ಮೂರು ನಿಮಿಷದ ನಂತರ ಮತ್ತೊಂದು 30 ಸೆಕೆಂಡಿನದು ಬರಲಿ. ಸಲಸಲಕ್ಕೂ ಕಷ್ಟವೇ ಆಗುತ್ತಾ ಹೋದರೆ ಯಾವ ನಾಯಿಯೂ ಒಳಗೆ ಬರಲು ಹಿಂಜರಿಯುತ್ತದೆ. ಹತ್ತು ನಿಮಿಷ ಸಲೀಸಾದ ಮೇಲೆ ನೀವು ಕೋಣೆ ಬಿಟ್ಟು ಹೋಗುವುದನ್ನು ಶುರುಮಾಡಿ. ಹಾಗೆ ಹೋಗುವಾಗ ಸಮಯವನ್ನು ಮತ್ತೆ ಒಂದು ನಿಮಿಷಕ್ಕೆ ಇಳಿಸಿ.

ಕುಂಯ್ ಎನ್ನುವುದು ಬೇರೆ, ಗಾಬರಿ ಬೇರೆ. ಕುಂಯ್‌ಗುಟ್ಟಿದರೆ ಎರಡು-ಮೂರು ಸೆಕೆಂಡಿನ ಮೌನಕ್ಕೆ ಕಾದು ಬಾಗಿಲು ತೆರೆಯಿರಿ. ಕೂಗುತ್ತಿರುವಾಗಲೇ ತೆರೆದರೆ ಕೂಗಿದರೆ ಬಾಗಿಲು ತೆರೆಯುತ್ತದೆ ಎಂದು ಕಲಿಯುತ್ತದೆ, ಅದೇ ಪಾಠ ಕಾರ್ಗೋದಲ್ಲೂ ಮುಂದುವರಿಯುತ್ತದೆ. ಸೆಕೆಯಿಲ್ಲದೆ ಏದುಸಿರು, ಜೊಲ್ಲು, ಒದ್ದೆ ಪಾದದ ಗುರುತು, ಕಂಬಿ ಕಚ್ಚುವುದು, ಉಗುರಿನಿಂದ ಮೂಲೆ ಕೆರೆಯುವುದು ಗಾಬರಿಯ ಲಕ್ಷಣ. ಆಗ ಮೌನಕ್ಕೆ ಕಾಯಬೇಡಿ, ಕೂಡಲೇ ತೆರೆಯಿರಿ. ಮಾರನೇ ದಿನ ಎರಡು ಹಂತ ಹಿಂದಿನಿಂದ ಆರಂಭಿಸಿ. ವಿಮಾನದಲ್ಲಿ ಹಲ್ಲು ಮುರಿದುಕೊಳ್ಳುವುದು ಇಂಥ ನಾಯಿಗಳೇ. ಎಂಟು ವಾರ ಕಳೆದೂ ಈ ಲಕ್ಷಣ ಹೋಗದಿದ್ದರೆ ತಾರೀಕು ಮುಂದೂಡಿ.

ಐದನೇ ವಾರದಿಂದ ರಾತ್ರಿ ನಿದ್ದೆ ಕ್ರೇಟಿನಲ್ಲಿ, ನಿಮ್ಮ ಮಂಚದ ಪಕ್ಕದಲ್ಲಿ. ಆರೇಳು ಗಂಟೆ ಮಲಗಿ ಎದ್ದರೆ ಸಾಕು. ಅಭ್ಯಾಸವೆಂದು ಹದಿನಾರು ಗಂಟೆ ಕೂಡಿಹಾಕುವುದು ಬೇಡ, ಅದು ಶಿಕ್ಷೆ.

ನೀರು, ಅಲುಗಾಟ, ಸದ್ದು

ಬಾಗಿಲಿಗೆ ಸಿಕ್ಕಿಸುವ ಬಟ್ಟಲಿನಲ್ಲಿ ನೀರು ತುಂಬಿದರೆ ಎತ್ತುವಾಗಲೇ ಚೆಲ್ಲಿ ಹಾಸಿಗೆ ತೋಯುತ್ತದೆ. ಹಿಂದಿನ ರಾತ್ರಿ ಅದನ್ನು ಫ್ರೀಜರಿನಲ್ಲಿಟ್ಟು ಮಂಜುಗಟ್ಟಿಸಿ. ಜೊತೆಗೆ, ತುದಿಯಲ್ಲಿರುವ ಗುಂಡನ್ನು ನೆಕ್ಕಿದರೆ ಹನಿ ಬರುವ ಬಾಟಲಿಯನ್ನು ಹೊರಗಿನಿಂದ ಸಿಕ್ಕಿಸಬಹುದು. ಅದರಿಂದ ಕುಡಿಯುವುದು ಕಲಿಯಬೇಕಾದ ಕೆಲಸ: ಮೊದಮೊದಲು ತುದಿಗೆ ಚೂರು ಮೊಸರು ಸವರಿ ತೋರಿಸಿ, ಕಲಿಯಲು ಒಂದೆರಡು ವಾರ ಬಿಡಿ.

ಆರನೇ ವಾರ ಇಬ್ಬರು ಸೇರಿ ನಾಯಿಯಿರುವ ಕ್ರೇಟನ್ನು ನಾಲ್ಕು ಬೆರಳಷ್ಟೇ ಎತ್ತಿ ಇಳಿಸಿ, ತಿಂಡಿ ಕೊಡಿ. ಆಮೇಲೆ ನಾಲ್ಕು ಹೆಜ್ಜೆ, ಆಮೇಲೆ ಚಕ್ರದ ಟ್ರಾಲಿ, ಕೊನೆಗೆ ಗಾಡಿ. ಗಾಡಿಯೊಳಗೆ ಕ್ರೇಟ್ ಹಿಡಿಸುತ್ತದೆಯೇ ಎಂದು ಈಗಲೇ ನೋಡಿ. 40 ಇಂಚಿನದು ಸಾಮಾನ್ಯ ಕಾರಿನ ಹಿಂದಿನ ಬಾಗಿಲಲ್ಲಿ ನುಗ್ಗುವುದಿಲ್ಲ, ಇನೋವಾವೋ ಟಾಟಾ ಏಸೋ ಬೇಕಾಗುತ್ತದೆ. ಹೊರಡುವ ರಾತ್ರಿ ಒಂದು ಗಂಟೆಗೆ ಇದು ಗೊತ್ತಾದರೆ ಕಷ್ಟ. ವಿಮಾನದ ಮೊರೆತ, ಸರಕು ಗಾಡಿ ಹಿಂದಕ್ಕೆ ಬರುವಾಗಿನ ಪೀಂ-ಪೀಂ ಸದ್ದುಗಳನ್ನು ಊಟದ ಹೊತ್ತಿಗೆ ಸಣ್ಣದಾಗಿ ಹಾಕಿ, ದಿನದಿನಕ್ಕೆ ಏರಿಸಿ. ಕುಕ್ಕರ್ ಸೀಟಿಗೆ ಹೆದರುವ ನಾಯಿಗೆ ಇದು ಬಹಳ ಮುಖ್ಯ.

ಬೆಕ್ಕಾದರೆ

ಬೆಕ್ಕಿಗೆ ಕ್ಯಾರಿಯರ್ ಎಂದರೆ ಡಾಕ್ಟರು. ಆ ನಂಟು ಕಡಿಯಲು ಅದನ್ನು ವರ್ಷವಿಡೀ ಮನೆಯಲ್ಲಿ ತೆರೆದಿಡಿ, ಬೆಕ್ಕಿನ ಮುಖಕ್ಕೆ ಉಜ್ಜಿದ ಟವೆಲ್ ಒಳಗೆ ಹಾಸಿ. ಕ್ಯಾಬಿನ್ನಿನಲ್ಲಿ ಒಯ್ಯುವುದಾದರೆ ಭದ್ರತಾ ತಪಾಸಣೆಯಲ್ಲಿ ಬೆಕ್ಕನ್ನು ಹೊರತೆಗೆದು, ಖಾಲಿ ಕ್ಯಾರಿಯರನ್ನು ಎಕ್ಸ್‌ರೇಗೆ ಹಾಕಬೇಕು. ಮೈಗೆ ಹಾರ್ನೆಸ್ ಇಲ್ಲದಿದ್ದರೆ ಬೆಕ್ಕು ಕೈ ಜಾರಿ ಹೋಗುವುದು ಅಲ್ಲೇ. ಹಾರ್ನೆಸ್ ಹಾಕಿ ಹೊರತೆಗೆದು ಮತ್ತೆ ಒಳಗಿಡುವುದನ್ನು ಮನೆಯಲ್ಲಿ ಇಪ್ಪತ್ತು ಸಲವಾದರೂ ಮಾಡಿರಬೇಕು.

ಹೊರಡುವ ದಿನ

ಮತ್ತಿನ ಮಾತ್ರೆ ಬೇಡ. ರಕ್ತದೊತ್ತಡ ಇಳಿಯುತ್ತದೆ, ಮೈಯ ಬಿಸಿ ಹತೋಟಿ ತಪ್ಪುತ್ತದೆ, ಕ್ರೇಟ್ ವಾಲಿದಾಗ ನಾಯಿಗೆ ಕಾಲೂರಿ ನಿಲ್ಲಲಾಗುವುದಿಲ್ಲ. ಮಂಪರಿನಲ್ಲಿರುವ ಪ್ರಾಣಿಯನ್ನು ವಿಮಾನ ಕಂಪನಿಗಳೂ ಒಪ್ಪುವುದಿಲ್ಲ. ಬೇಸಿಗೆಯಾದರೆ ರಾತ್ರಿಯ ವಿಮಾನವೇ ಸರಿ, ಮಧ್ಯಾಹ್ನ ಕಾದ ಡಾಂಬರಿನ ಮೇಲೆ ಕ್ರೇಟ್ ಕಾಯುವುದು ತಪ್ಪುತ್ತದೆ.

ಕೊನೆಯ ಊಟ ಹಗುರವಾಗಿರಲಿ, ಒಪ್ಪಿಸುವ ನಾಲ್ಕೈದು ಗಂಟೆ ಮೊದಲು ಮುಗಿಯಲಿ. ನೀರನ್ನು ಕೊನೆಯವರೆಗೂ ಕೊಡಿ. ಉದ್ದದ ನಡಿಗೆ ಮಾಡಿಸಿ. ಹಾಸಿಗೆಯ ಕೆಳಗೆ ಉಚ್ಚೆ ಹೀರುವ ಪ್ಯಾಡ್ ಹಾಕಿ. ಹುಲ್ಲು ಹಾಸಬೇಡಿ, ಹಲವು ದೇಶಗಳು ಒಳಗೆ ಬಿಡುವುದಿಲ್ಲ. ಸರಪಳಿ, ಹಾರ್ನೆಸ್, ಅಗಿಯುವ ಮೂಳೆ ಒಳಗಿರಬಾರದು: ಮೊದಲೆರಡು ಕಂಬಿಗೆ ಸಿಕ್ಕಿಕೊಳ್ಳುತ್ತವೆ, ಮೂಳೆ ಗಂಟಲಿಗೆ. ಬಾಗಿಲಿನ ನಾಲ್ಕು ಮೂಲೆಗೆ ಕೇಬಲ್ ಟೈ ಬಿಗಿಯುವುದು ಭದ್ರತಾ ತಪಾಸಣೆ ಮುಗಿದ ಮೇಲೆ, ಹತ್ತಿಪ್ಪತ್ತು ಹೆಚ್ಚಿಗೆ ಇಟ್ಟುಕೊಂಡಿರಿ.

ಆ ಟೈ ಕತ್ತರಿಸುವ ಕತ್ತರಿಯನ್ನು ಚೆಕ್-ಇನ್ ಲಗೇಜಿನಲ್ಲಿಡಿ, ಕೈಚೀಲದಲ್ಲಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ. ಇಳಿದ ಮೇಲೆ ಎಷ್ಟೇ ಅಳುತ್ತಿದ್ದರೂ ಬಯಲಿನಲ್ಲಿ ಬಾಗಿಲು ತೆರೆಯಬೇಡಿ. ಕಾರಿನೊಳಗೋ ಮುಚ್ಚಿದ ಕೋಣೆಯಲ್ಲೋ, ಮೊದಲು ಕೈ ತೂರಿಸಿ ಬೆಲ್ಟು ಸಿಕ್ಕಿಸಿ, ಆಮೇಲೆ ಪೂರ್ತಿ ತೆರೆಯಿರಿ.